ಹೂಂ ಅಂದದ್ದು ಆಕ್ಟೋಪಸ್‌ಗೆ

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಟ್ರಾಫಿಕ್ ನಿಂತರೆ ಖುಷಿಪಡುತ್ತಿದ್ದ ಜೀವ ಇಡೀ ಬೆಂಗಳೂರಿನಲ್ಲಿ ನನ್ನದೊಂದೇ ಇದ್ದಿರಬೇಕು. ಬಸ್ಸಿನಲ್ಲಿ ಉಳಿದವರೆಲ್ಲ ವಾಚು ನೋಡಿಕೊಂಡು, ಸರ್ಕಾರವನ್ನು ಬೈದು, ಮನೆಗೆ ಫೋನ್ ಹಚ್ಚಿ ‘ಇನ್ನೂ ಹೆಬ್ಬಾಳದಲ್ಲೇ ಇದೀನಿ’ ಎಂದು ಗೋಳಾಡುತ್ತಿದ್ದರೆ ನಾನು ಕಿಟಕಿಗೆ ತಲೆಯಾನಿಸಿ, ಇನ್ನೊಂದು ಸ್ವಲ್ಪ ಹೊತ್ತು ನಿಲ್ಲಪ್ಪಾ ಎಂದು ಡ್ರೈವರನನ್ನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಇಯರ್‌ಫೋನ್ ಸಿಕ್ಕಿಸಿದ ಕಿವಿಯಲ್ಲಿ ಕಾಗೆಯ ವಿಷಯ ನಡೆಯುತ್ತಿರುತ್ತಿತ್ತು. ಕಾಗೆ ಮನುಷ್ಯರ ಮುಖ ನೆನಪಿಟ್ಟುಕೊಳ್ಳುತ್ತದಂತೆ. ಕಾಟ ಕೊಟ್ಟವನು ಯಾರು ಎಂದು ತನ್ನ ಬಳಗಕ್ಕೂ ತಿಳಿಸುತ್ತದಂತೆ. ಇಂಥ ಸಮಾಚಾರದ ಮಧ್ಯೆ ಸ್ಟಾಪ್ ಬಂದರೆ ಯಾರಿಗೆ ತಾನೇ ಇಳಿಯಲು ಮನಸ್ಸಾದೀತು?

ನಮ್ಮ ಮನೆ ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಕೆರೆಗೆ ಹತ್ತಿರ. ಊರು ಊರಾಗಿದ್ದಾಗಿನಿಂದಲೂ ನಾವು ಅಲ್ಲಿಯವರೇ. ನನಗೆ ಕೆಲಸ ಇದ್ದದ್ದು ಆರ್.ಟಿ. ನಗರದ ಒಂದು ಕನ್ನಡಕದ ಅಂಗಡಿಯಲ್ಲಿ. ಬಂದವರಿಗೆ ಫ್ರೇಮು ತೋರಿಸುವುದು, ‘ಈ ಮುಖಕ್ಕೆ ಇದು ಚೆನ್ನಾಗಿ ಒಪ್ಪುತ್ತೆ ನೋಡಿ’ ಎಂದು ದಿನವಿಡೀ ಸುಳ್ಳು ಹೇಳುವುದು. ಒಳಗಿನ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ ಮೇಡಂ ಮೇಲೆ ನನಗೆ ಹೊಟ್ಟೆಕಿಚ್ಚು. ಅವರು ಸುಳ್ಳು ಹೇಳಬೇಕಾಗಿರಲಿಲ್ಲ. ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿಕೊಂಡು ಬಂದರೆ ನಿನಗೂ ಆ ಕೋಣೆಯಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದು ಅಂಗಡಿ ಯಜಮಾನರು ಮಾತು ಕೊಟ್ಟಿದ್ದರು. ನಾನು ಸಂಜೆಯ ತರಗತಿಗೆ ಸೇರಿಯೂ ಆಗಿತ್ತು.

ಪಾಡ್‌ಕಾಸ್ಟ್ ಎಂಬುದು ನನಗೆ ಸಿಕ್ಕಿದ್ದು ಕೈತಪ್ಪಿ. ಡೇಟಾ ಅಗ್ಗವಾಗಿ, ಎಲ್ಲರ ಕಿವಿಗೂ ಇಯರ್‌ಫೋನಿನ ದಾರ ಬಿದ್ದ ಕಾಲ ಅದು. ಬಸ್ಸಿನ ಕುಲುಕಾಟದಲ್ಲಿ ಹಾಡು ಹುಡುಕಲು ಹೋಗಿ ಬೆರಳು ಇನ್ನೆಲ್ಲೋ ಬಿತ್ತು. ಹಾಡು ಬರಲಿ ಎಂದು ಕಾದೆ. ಹಾಡು ಬರಲಿಲ್ಲ, ಉಪ್ಪು ಬಂತು. ಕೆಮ್ಮುತ್ತ ಕೆಮ್ಮುತ್ತ ಒಬ್ಬ ವಿದೇಶಿ ಮುದುಕ ಉಪ್ಪಿನ ಇತಿಹಾಸ ಹೇಳುತ್ತಿದ್ದ. ನಾನು ಓದಿದ್ದು ಕನ್ನಡ ಮೀಡಿಯಂ. ಅವನ ಇಂಗ್ಲಿಷು ಅರ್ಧ ತಿಳಿಯಿತು, ಇನ್ನರ್ಧವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಿಂಡಿಕೊಂಡೆ. ಸಂಜೆ ಮನೆಗೆ ಬಂದು ಉಪ್ಪಿನ ಡಬ್ಬಿಯನ್ನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದೆನಂತೆ. ‘ಏನೇ, ಇರುವೆ ಬಿದ್ದಿದ್ಯಾ?’ ಎಂದು ಅಮ್ಮ ಕೇಳಿದ್ದಳು.

ಅಲ್ಲಿಂದ ಚಟ ಹತ್ತಿತು. ನನ್ನ ಕಿವಿಯೊಳಗಿನವರಿಗೆಲ್ಲ ನಾನೇ ಅಡ್ಡಹೆಸರಿಟ್ಟೆ. ಮೊದಲನೆಯವನು ಉಪ್ಪಿನ ತಾತ. ಕುರ್ಚಿ, ಗುಂಡಿ, ಕನ್ನಡಿ, ಮೆಣಸಿನಕಾಯಿ, ಹೀಗೆ ಯಾರೂ ತಿರುಗಿ ನೋಡದ ವಸ್ತುಗಳ ಪೂರ್ವಜನ್ಮ ಹೇಳುವುದು ಅವನ ಕೆಲಸ. ಎರಡನೆಯವಳು ಕಾಗೆ ಅಕ್ಕ. ಪ್ರಾಣಿಗಳ ವಿಷಯ ಹೇಳುವಾಗ ಅವಳಿಗೇ ತಡೆಯಲಾರದಷ್ಟು ಉತ್ಸಾಹ ಬಂದು ಉಸಿರು ಸಿಕ್ಕಿಕೊಳ್ಳುತ್ತಿತ್ತು, ಕೇಳುವ ನನಗೂ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಜಗಳದ ಗೆಳೆಯರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ವಾರಕ್ಕೊಂದು ಪ್ರಶ್ನೆ ಹಿಡಿದು ಜಗ್ಗಾಡುತ್ತಿದ್ದರು. ಮೌನವೆಂದರೆ ಸಮ್ಮತಿಯೇ? ಕೊಟ್ಟ ಮಾತನ್ನು ಮುರಿಯಬಹುದೇ? ಅವನು ಏನಾದರೂ ಹೇಳಿದರೆ ಅವಳು ನಗುತ್ತಲೇ, ‘ಒಪ್ಪಲ್ಲ. ಮುಂದೆ ಹೇಳು’ ಅನ್ನುತ್ತಿದ್ದಳು.

ಈ ‘ಒಪ್ಪಲ್ಲ, ಮುಂದೆ ಹೇಳು’ ನನ್ನನ್ನು ಬೆರಗುಗೊಳಿಸಿತು. ನಮ್ಮ ಮನೆಯಲ್ಲಿ ಒಪ್ಪಲ್ಲ ಅಂದಮೇಲೆ ಮುಂದೆ ಹೇಳುವುದೇನೂ ಇರುತ್ತಿರಲಿಲ್ಲ. ಪಾತ್ರೆ ಕುಕ್ಕುವುದು, ಮುಖ ತಿರುಗಿಸುವುದು, ಮುಂದಿನ ಹಬ್ಬದವರೆಗೆ ಮಾತು ಬಿಡುವುದು, ಇಷ್ಟೇ ಇದ್ದದ್ದು. ಇವರು ನೋಡಿದರೆ ಒಪ್ಪದೇ ಕೂತು ಟೀ ಕುಡಿಯುತ್ತಿದ್ದಾರೆ, ಕಪ್ಪಿನ ಸದ್ದೂ ಕೇಳುತ್ತಿದೆ. ಯೋಚನೆ ವಿಶಾಲವಾಗುವುದೆಂದರೆ ತಲೆಯಲ್ಲಿ ವಿಷಯ ತುಂಬಿಕೊಳ್ಳುವುದು ಎಂದು ತಿಳಿದಿದ್ದವಳಿಗೆ, ಬೇಡ ಅಂದಮೇಲೂ ಎದುರಿಗೇ ಕೂತಿರಬಹುದು ಎಂಬುದೇ ದೊಡ್ಡ ಸುದ್ದಿಯಾಯಿತು.

ಕೇಳಿದ್ದನ್ನೆಲ್ಲ ಮನೆಯಲ್ಲಿ ಉಗುಳದಿದ್ದರೆ ಊಟ ಸೇರುತ್ತಿರಲಿಲ್ಲ. ಮೆಣಸಿನಕಾಯಿ ನಮ್ಮದಲ್ಲ, ಹಡಗಿನಲ್ಲಿ ಬಂದದ್ದು ಅಂದ ದಿನ ಅಮ್ಮ ಸೌಟು ಹಿಡಿದು ನನ್ನನ್ನೇ ಹಡಗು ಹತ್ತಿಸುವವಳಂತೆ ನೋಡಿದಳು. ‘ಇವಳ ತಲೆಗೆ ಹುಳ ಬಿಟ್ಟೋರು ಯಾರು?’ ಎಂದಳು. ಅಜ್ಜಿ ಮಾತ್ರ ತುತ್ತು ನಿಲ್ಲಿಸಿ, ‘ಅಂಗಾರೆ ಅದ್ಕೂ ಮುಂಚೆ ಸಾರ್ಗೆ ಏನ್ ಆಕ್ತಿದ್ರಂತೆ?’ ಎಂದು ಕೇಳಿದಳು. ಕಾಳುಮೆಣಸು ಅಂದೆ. ‘ಸರಿ ಬುಡು, ಅದೂ ಖಾರನೇ’ ಎಂದು ಅಜ್ಜಿ ಇಡೀ ಇತಿಹಾಸವನ್ನು ಒಂದೇ ಮಾತಿನಲ್ಲಿ ಒಪ್ಪಿಕೊಂಡು ಊಟ ಮುಂದುವರಿಸಿದಳು.

ಈ ಅಜ್ಜಿ ಅಪ್ಪನ ತಾಯಿ. ಚಿಕ್ಕಂದಿನಲ್ಲಿ ನನಗೆ ಕತೆ ಹೇಳಿದವಳು ಅವಳೇ. ಅವಳದೊಂದು ಕಟ್ಟುನಿಟ್ಟು ಇತ್ತು. ಕತೆ ಕೇಳುವವರು ಮಾತು ಮಾತಿಗೂ ಹೂಂ ಅನ್ನಬೇಕು. ಅವಳ ಬಾಯಲ್ಲಿ ಹಕಾರ ಇಲ್ಲ, ಅದು ಊಂ. ‘ಊಂ ಅನ್ನೋರಿಲ್ದಿದ್ರೆ ಕತೆ ಎದ್ದು ಓಯ್ತದೆ’ ಅನ್ನುತ್ತಿದ್ದಳು. ನಾನು ನಿದ್ದೆಗಣ್ಣಲ್ಲಿ ಹೂಂಗುಟ್ಟುವುದು ಮರೆತರೆ ರಾಜಕುಮಾರಿ ಬಾವಿಯೊಳಗೇ ಉಳಿದುಬಿಡುತ್ತಿದ್ದಳು. ಟಿ.ವಿ. ಬಂದಮೇಲೆ ಮನೆಯಲ್ಲಿ ಹೂಂಗುಟ್ಟುವವರು ಇಲ್ಲವಾದರು, ಅಜ್ಜಿ ಕತೆ ನಿಲ್ಲಿಸಿದಳು. ನನ್ನ ಹೂಂ ಮಾತ್ರ ನಿಲ್ಲಲಿಲ್ಲ. ಕಿವಿಗೆ ಯಾರ ಕತೆ ಬಿದ್ದರೂ ಬಾಯಿ ತಾನಾಗಿ ಹೂಂ ಅನ್ನುತ್ತಿತ್ತು, ಅದೂ ಇಯರ್‌ಫೋನ್ ಹಾಕಿಕೊಂಡವರ ಗಟ್ಟಿ ದನಿಯಲ್ಲಿ.

ಬಸ್ಸಿನಲ್ಲಿ ಇದರಿಂದ ಒಂದು ಅನಾಹುತವಾಯಿತು. ಯಲಹಂಕದಲ್ಲಿ ಹತ್ತಿದ ಹೆಂಗಸೊಬ್ಬರು ‘ಇದು ಯಶವಂತಪುರಕ್ಕೆ ಹೋಗುತ್ತೇನಮ್ಮ?’ ಎಂದು ಕೇಳಿದ್ದಾರೆ. ಅದೇ ಹೊತ್ತಿಗೆ ಉಪ್ಪಿನ ತಾತ ಕುರ್ಚಿಗೆ ಕೈ ಬಂದ ಬಗೆ ಹೇಳುತ್ತಿದ್ದ. ನಾನು ಹೂಂ ಅಂದಿದ್ದೇನೆ. ಪಾಪ, ಆರ್.ಟಿ. ನಗರದಲ್ಲಿ ನನ್ನ ಜತೆ ಇಳಿದು ಆಕೆ ಬೈದ ಬೈಗುಳಕ್ಕೆ ಅಂಗಡಿಯ ತನಕ ನನ್ನ ಕಿವಿ ಬಿಸಿಯಾಗಿತ್ತು. ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

೨೦೧೮ರ ಚಳಿಗಾಲ. ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ನಡುವೆ ಇಟ್ಟುಕೊಂಡು ಅಮ್ಮ, ಅಜ್ಜಿ, ಯಶವಂತಪುರದಿಂದ ಬಂದಿದ್ದ ದೊಡ್ಡಮ್ಮ, ನಾನು, ನಾಲ್ವರೂ ಹಿತಕುತ್ತ ಕೂತಿದ್ದೆವು. ಹಿತಕಿದ ಬೇಳೆಗೆ ಕೈ ಸಾಕು, ತಲೆ ಬೇಡ. ಕೂದಲು ಬಿಟ್ಟುಕೊಂಡಿದ್ದೆ, ಅದರೊಳಗೆ ದಾರ ಅಡಗಿತ್ತು. ಕಾಗೆ ಅಕ್ಕ ಅವತ್ತು ಆಕ್ಟೋಪಸ್ ಹಿಡಿದಿದ್ದಳು.

ದೊಡ್ಡಮ್ಮ ನನ್ನನ್ನು ಏನು ಕೇಳಿದಳು ಎಂಬುದು ಆಮೇಲೆ ಅಮ್ಮನಿಂದ ತಿಳಿದದ್ದು. ಆಗ ನನಗೆ ಕೇಳಿಸುತ್ತಿದ್ದದ್ದೇ ಬೇರೆ. ಎರಡನ್ನೂ ಜೋಡಿಸಿದರೆ ಹೀಗಾಗುತ್ತದೆ.

‘ರಾಜಾನುಕುಂಟೆ ಹುಡುಗನ ಮನೇವ್ರು ಭಾನುವಾರ ಬರ್ಲಾ ಅಂತಿದಾರೆ. ಬರ್ಲಾ?’ ಎಂದು ದೊಡ್ಡಮ್ಮ. ಆಕ್ಟೋಪಸ್‌ಗೆ ರಕ್ತ ನೀಲಿ ಎಂದು ಕಾಗೆ ಅಕ್ಕ. ನಾನು ಹೂಂ ಅಂದೆ.

‘ಫೋಟೋ ತೋರಿಸಿದ್ನಲ್ಲ, ಪರ್ವಾಗಿಲ್ವಾ?’ ಎಂದು ದೊಡ್ಡಮ್ಮ. ಅದಕ್ಕೆ ಮೂರು ಹೃದಯ ಎಂದು ಕಾಗೆ ಅಕ್ಕ. ನಾನು ಹೂಂ ಎಂದು ರಾಗ ಎಳೆದೆ.

‘ಮದುವೆ ಆದ್ಮೇಲೆ ಅಂಗಡಿ ಕೆಲಸ, ಕ್ಲಾಸು, ಎಲ್ಲ ಬಿಡ್ಬೇಕಾಗುತ್ತೆ ಕಣೇ. ಅವರಲ್ಲಿ ಸೊಸೆಯಂದ್ರು ಹೊರಗಡೆ ದುಡಿಯಲ್ಲ. ಆಗ್ಬೋದಾ?’ ಎಂದು ದೊಡ್ಡಮ್ಮ. ಈಜತೊಡಗಿದರೆ ಆ ಮೂರರಲ್ಲಿ ಒಂದು ಹೃದಯ ನಿಂತೇ ಹೋಗುತ್ತದೆ, ಅದಕ್ಕೇ ಪಾಪ ಅದು ಈಜುವುದಕ್ಕಿಂತ ತೆವಳುವುದನ್ನೇ ಇಷ್ಟಪಡುತ್ತದೆ ಎಂದು ಕಾಗೆ ಅಕ್ಕ. ಇಷ್ಟು ಚೆಂದದ ಮಾತನ್ನು ಜನ್ಮದಲ್ಲಿ ಕೇಳಿರಲಿಲ್ಲ. ಎರಡೂ ಕೈಯಲ್ಲಿ ಅವರೆಕಾಳು ಹಿಡಿದು, ಕಣ್ಣರಳಿಸಿ, ಎದೆ ತುಂಬಿ ಹೂಂ ಅಂದೆ.

ದೊಡ್ಡಮ್ಮನದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸ್ವಭಾವ. ನಾನು ಇಯರ್‌ಫೋನ್ ಕಿತ್ತು ‘ಆಕ್ಟೋಪಸ್‌ಗೆ ಮೂರು ಹೃದಯವಂತೆ’ ಎಂದು ಸಾರುವಷ್ಟರಲ್ಲಿ ರಾಜಾನುಕುಂಟೆಗೆ ಫೋನು ಹೋಗಿ, ಮಾತಾಗಿ, ಅವಳು ನನ್ನ ಬಾಯಿಗೆ ಬೆಲ್ಲ ಇಡುತ್ತಿದ್ದಳು. ಅಮ್ಮನ ಕಣ್ಣಲ್ಲಿ ನೀರು. ವಿಷಯ ತಿಳಿದಾಗ ಬೆಲ್ಲ ಗಂಟಲಲ್ಲೇ ನಿಂತಿತು.

‘ಅಯ್ಯೋ ಅಮ್ಮ, ನಾನು ಹೂಂ ಅಂದಿದ್ದು ಆಕ್ಟೋಪಸ್‌ಗೆ.’

ಅಮ್ಮನ ಮುಖ ಬಿಳುಚಿಕೊಂಡಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ‘ಯಾರೇ ಅದು? ಅಂಗಡೀಲಿ ಕೆಲಸ ಮಾಡೋನಾ? ನಮ್ಮೋರೇನಾ?’ ಎಂದಳು.

ನಗು ಬಂತು, ಅಳುವೂ ಬಂತು. ಎಂಟು ಕಾಲಿನ ಜಲಚರ ಎಂದು ವಿವರಿಸಿ ಮುಗಿಸುವ ಹೊತ್ತಿಗೆ ಅಪ್ಪ ಬಂದ. ಕೊಟ್ಟ ಮಾತು ಹೇಗೆ ತಿರುಗಿಸುವುದು, ಅಕ್ಕನ ಮರ್ಯಾದೆ ಏನಾಗಬೇಕು ಎಂದು ಅಮ್ಮನ ಗೋಳು. ‘ಬಂದು ನೋಡ್ಕೊಂಡ್ ಹೋಗ್ಲಿ ಬಿಡ್ರಿ. ನೋಡಿದ್ ಮಾತ್ರಕ್ಕೆ ತಾಳಿ ಕಟ್ಬಿಡ್ತಾರಾ?’ ಎಂದು ಅಪ್ಪ ತೀರ್ಪು ಕೊಟ್ಟ. ನಮ್ಮಲ್ಲಿ ನೋಡಲು ಬಂದವರು ಮುಕ್ಕಾಲು ತಾಳಿ ಕಟ್ಟಿಕೊಂಡೇ ಹೋಗುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು. ನನಗೆ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನಮ್ಮ ಮನೆಯಲ್ಲಿ ದೊಡ್ಡವರ ಮಾತಿಗೆ ನಾನು ಎಂದೂ ಬೇಡ ಅಂದದ್ದೇ ಇರಲಿಲ್ಲ. ಕಣ್ಣು ಪರೀಕ್ಷೆಯ ಕೋಣೆ, ನನ್ನ ಕುರ್ಚಿ, ಸಂಜೆಯ ತರಗತಿ, ಎಲ್ಲವೂ ಒಂದು ಜಲಚರದ ದೆಸೆಯಿಂದ ಕೈತಪ್ಪುವುದರಲ್ಲಿತ್ತು. ನಿಜವಾಗಿ ಹೆದರಿದ್ದೆ. ಅಜ್ಜಿ ಮಾತ್ರ ಏನೂ ಅನ್ನದೆ ನನ್ನನ್ನೇ ನೋಡುತ್ತ ಕಾಳು ಹಿತಕುತ್ತಿದ್ದಳು.

ಭಾನುವಾರ ಬಂದರು. ಹುಡುಗ, ಅವನ ತಾಯಿ, ತಾತ. ಉಪ್ಪಿಟ್ಟು, ಕೇಸರಿಬಾತ್ ಆದಮೇಲೆ ‘ಮಕ್ಕಳು ಮಾತಾಡಿಕೊಳ್ಳಲಿ’ ಎಂದು ನಮ್ಮಿಬ್ಬರನ್ನು ಮಹಡಿಗೆ ಅಟ್ಟಿದರು. ನೀರಿನ ಟ್ಯಾಂಕಿನ ಪಕ್ಕ ನಿಂತೆವು. ಹುಡುಗನಿಗೆ ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಕೆಲಸ. ಮುಖದಲ್ಲಿ ಒಳ್ಳೆಯತನವಿತ್ತು, ಅದೇ ಕಷ್ಟವಾಯಿತು. ಕೆಟ್ಟವನಾಗಿದ್ದರೆ ಎಷ್ಟು ಸಲೀಸಿತ್ತು.

ಸುತ್ತಿ ಬಳಸದೆ ಹೇಳಿಬಿಟ್ಟೆ. ‘ತಪ್ಪು ತಿಳ್ಕೋಬೇಡಿ. ನಾನು ಹೂಂ ಅಂದಿದ್ದು ನಿಮಗಲ್ಲ.’

‘ಮತ್ತೆ ಯಾರಿಗೆ?’

ಹೇಳಿದೆ. ಅವನ ಮುಖ ಸಣ್ಣದಾಯಿತು. ‘ನಂಗೆ ಅಂತ ಅಂದ್ಕೊಂಡು ನಮ್ಮಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದವ್ರೆ’ ಎಂದ. ನನಗೂ ಬೇಜಾರಾಯಿತು, ಕ್ಷಮೆ ಕೇಳಿದೆ. ಅವನು ಟ್ಯಾಂಕಿನ ಪೈಪನ್ನು ಬೆರಳಲ್ಲಿ ತಟ್ಟಿದ. ಆಮೇಲೆ ಕೇಳಿದ, ‘ಮೂರು ಹೃದಯ ಯಾಕ್ರೀ ಅದಕ್ಕೆ? ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತಾನಾ?’

ಇಂಥ ಪ್ರಶ್ನೆ ಕೇಳಿದವರನ್ನು ನಾನು ಬಿಟ್ಟವಳಲ್ಲ. ಎರಡು ಹೃದಯ ಕಿವಿರಿಗೆ, ಒಂದು ಮೈಗೆ ಎಂದೆ. ‘ಅಂದ್ರೆ ಬಿಲ್ಡಿಂಗ್ ಒಂದು, ಮೋಟರ್ ಮೂರು’ ಎಂದು ಅವನು ಸರಿಯಾಗಿ ಹಿಡಿದ. ಅಲ್ಲಿಂದ ಕಾಗೆ ಬಂತು, ಮೆಣಸಿನಕಾಯಿ ಬಂತು. ಲಿಫ್ಟಿನ ಕೆಳಗಿನ ಹೊಂಡದಲ್ಲಿ ಕೆಲಸ ಮಾಡುವಾಗ ನೆಟ್‌ವರ್ಕ್ ಸಿಗುವುದಿಲ್ಲ ಎಂದ. ಮೊದಲೇ ಇಳಿಸಿಟ್ಟುಕೊಂಡರೆ ಆಯಿತು ಎಂದು ಕಾಗೆ ಅಕ್ಕನ ಪಾಡ್‌ಕಾಸ್ಟನ್ನು ಅವನ ಫೋನಿನಲ್ಲಿ ಹಾಕಿಕೊಟ್ಟೆ. ‘ಮದುವೆ ಬೇಡ ಅಂತ ಕೆಳಗಡೆ ನೀವೇ ಹೇಳ್ಬೇಕು ಕಣ್ರೀ. ನಾನ್ ಹೇಳಿದ್ರೆ ನಿಮ್ಮಲ್ಲೇ ಏನೋ ಐಬು ಅಂತಾರೆ’ ಎಂದ. ಎಂಥ ಮರ್ಯಾದಸ್ಥ. ಬಸ್ಸಿನಲ್ಲಿ ಯಶವಂತಪುರ ಕೇಳಿದ ಹೆಂಗಸಿನ ಕತೆ ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ನಗು ಮೆಟ್ಟಿಲಿಳಿದು ಹಜಾರ ತಲುಪಿದ್ದು ಅರಿವಿಗೆ ಬರಲಿಲ್ಲ.

ಕೆಳಗೆ ಬಂದರೆ ದೊಡ್ಡಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ತಯಾರಾಗಿ ಕೂತಿದ್ದಳು. ಎಲ್ಲರ ಮುಖದಲ್ಲೂ ಹಬ್ಬ. ಹುಡುಗನ ತಾತ ನನ್ನನ್ನು ಹತ್ತಿರ ಕರೆದು ಚಾಪೆಯ ಮೇಲೆ ಕೂರಿಸಿಕೊಂಡು, ‘ಏನವ್ವ, ಒಪ್ಗೆನಾ?’ ಎಂದರು.

ಜಗಳದ ಗೆಳೆಯರನ್ನು ನೆನೆದುಕೊಂಡೆ. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ತಲೆ ತಗ್ಗಿಸಿ, ಜೀವಮಾನದ ಮೊದಲನೇ ‘ಇಲ್ಲ’ವನ್ನು ಹೇಳಿದೆ.

‘ಊಹೂಂ.’

ತಾತನ ಮುಖ ಅರಳಿತು. ‘ಊಂ ಊಂ ಅಂತು ಮಗ. ಒಂದ್ ಸಲ ಅಲ್ಲ, ಎರಡ್ ಸಲ ಅಂತು. ತತ್ತಾರವ್ವ ತಟ್ಟೆಯ.’

ರಾಜಾನುಕುಂಟೆಯಲ್ಲೂ ಹಕಾರ ಇಲ್ಲ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಹಕಾರ ಬಿದ್ದುಹೋದರೆ ನನ್ನ ಊಹೂಂನಲ್ಲಿ ಉಳಿಯುವುದು ಎರಡು ಊಂ ಮಾತ್ರ. ಸಾಲದ್ದಕ್ಕೆ ತಲೆ ಬೇರೆ ತಗ್ಗಿಸಿದ್ದೆ, ನಾಚಿಕೆ ಅಂದುಕೊಂಡರು. ದೊಡ್ಡಮ್ಮ ತಟ್ಟೆ ಎತ್ತಿದಳು. ಹುಡುಗ ಗೋಡೆಯ ಕಡೆ ತಿರುಗಿ ನಗು ತಡೆಯಲಾರದೆ ಕೆಮ್ಮತೊಡಗಿದ. ನನ್ನ ಮೂರೂ ಹೃದಯ ನಿಂತವು.

ಆಗ ಮೂಲೆಯಿಂದ ಅಜ್ಜಿಯ ದನಿ ಬಂತು. ‘ಇರ್ರಪ್ಪ, ಒಸಿ ಇರ್ರಿ. ಊಂನಾಗೆ ಎರಡ್ ತರ ಅದೆ. ಕತೆ ಊಂ ಬ್ಯಾರೆ, ಒಪ್ಗೆ ಊಂ ಬ್ಯಾರೆ. ಅವತ್ತು ಕಾಳು ಇತುಕ್ತಾ ಅಂದಿದ್ದು ಕತೆ ಊಂ. ಇವತ್ತಿಂದು ಎರಡೂ ಅಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ಬಾಯ್ ಬುಟ್ಟು ಏಳವ್ವ’ ಎಂದಳು.

ಅಜ್ಜಿಯ ಬಾಯಲ್ಲಿ ಹೇಳು ಎಂದರೂ ಏಳು, ಏಳು ಎಂದರೂ ಏಳು. ಅವಳ ಕೈಯಲ್ಲೇ ಬೆಳೆದವಳು ನಾನು, ಆದರೂ ಆ ಗಾಬರಿಯಲ್ಲಿ ತಿಳಿಯದೆ ಚಾಪೆಯಿಂದ ಎದ್ದು ನಿಂತುಬಿಟ್ಟೆ. ಎದ್ದಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನು ಹೇಳದೆ ಕೂರುವಂತಿರಲಿಲ್ಲ.

‘ನನಗೆ ಈ ಮದುವೆ ಬೇಡ. ಇವರು ತುಂಬ ಒಳ್ಳೆಯವರು. ಆದರೆ ನಾನು ಕೋರ್ಸ್ ಮುಗಿಸಬೇಕು, ಕೆಲಸ ಬಿಡಲ್ಲ. ಅವತ್ತು ನಾನು ಕಿವಿಗೆ ಫೋನ್ ಹಾಕ್ಕೊಂಡಿದ್ದೆ, ದೊಡ್ಡಮ್ಮ ಕೇಳಿದ್ದು ಗೊತ್ತಾಗ್ಲಿಲ್ಲ. ತಪ್ಪಾಯ್ತು. ಬೇಡ.’

ಹುಡುಗನ ತಾಯಿ ಸೆರಗು ಕೊಡವಿ ಎದ್ದರು. ದೊಡ್ಡಮ್ಮನ ಕೈಯಲ್ಲಿ ತಟ್ಟೆ ವಾಲಿ ಒಂದು ಅಡಿಕೆ ಉರುಳಿ ಸೋಫಾ ಕೆಳಗೆ ಹೋಯಿತು. ನಾನು ಅಲ್ಲೇ ನಿಂತಿದ್ದೆ. ಬೇಡ ಅಂದಮೇಲೂ ಎದುರಿಗೇ ಇರಬಹುದು ಎಂದು ಕಲಿತಿದ್ದೆನಲ್ಲ, ಇದ್ದೆ. ತಾತ ನನ್ನನ್ನು ನೋಡಿ, ‘ಇದ್ನ ಮದ್ಲೇ ಅನ್ನಬಾರ್ದಾ ಮಗ, ಬ್ಯಾಡ ಅಂದ್ರೆ ಬ್ಯಾಡ, ಅದ್ರಾಗೇನೈತೆ’ ಎಂದು ಅಮ್ಮನತ್ತ ತಿರುಗಿದರು. ‘ಇನ್ನೊಂಚೂರು ಕೇಸರಿಬಾತ್ ಇದ್ರೆ ಆಕವ್ವ. ಎಂಗೂ ಬಂದಿದೀವಿ.’

ಹಾಕಿದಳು. ತಿಂದು ಹೋದರು. ಹೋಗುವಾಗ ಹುಡುಗ ಬಾಗಿಲಲ್ಲಿ, ಕಿವಿಗೆ ದಾರ ಸಿಕ್ಕಿಸಿಕೊಳ್ಳುತ್ತ ಯಾರಿಗೂ ಕಾಣದಂತೆ ತಲೆಯಾಡಿಸಿದ. ದೊಡ್ಡಮ್ಮ ಯುಗಾದಿಯವರೆಗೆ ನಮ್ಮ ಜತೆ ಮಾತು ಬಿಟ್ಟಳು. ಅಮ್ಮ ಪಾತ್ರೆ ಕುಕ್ಕಿದಳು. ಎಲ್ಲ ನಮ್ಮ ಮನೆಯ ಪದ್ಧತಿಯಂತೆಯೇ ಆಯಿತು. ಆದರೂ ಕೆರೆಯ ಕಡೆ ಓಡಿಹೋಗಿ ಕೂಗಬೇಕು ಅನ್ನುವಷ್ಟು ಸಂತೋಷ ನನಗೆ.

ಹೊತ್ತು ಮುಳುಗುವ ಮುಂಚೆ ಹಿತ್ತಲ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಉಳಿದ ಕೇಸರಿಬಾತ್ ತಿನ್ನುತ್ತ ಕೂತೆ. ಅವತ್ತೇ ಗೊತ್ತಿದ್ದರೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ‘ನೀನೇ ಏಳ್ತೀಯ ಅಂತ ಕಾಯ್ತಿದ್ದೆ’ ಎಂದಳು. ಹೇಳುವುದೋ ಏಳುವುದೋ, ನಾನು ಕೇಳಲಿಲ್ಲ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಇಯರ್‌ಫೋನನ್ನು ಬೆರಳಿನಿಂದ ಸರಿಸಿ, ‘ಅದ್ನ ತಗ್ದಿಡು. ಒಂದು ಕತೆ ಏಳ್ತೀನಿ’ ಎಂದಳು. ಎಷ್ಟು ವರ್ಷದ ಮೇಲೆ.

‘ಒಂದೂರಾಗೆ ಒಂದು ಉಡುಗಿ ಇದ್ಲು.’

‘ಹೂಂ.’

‘ಕೆರೆತಾವ ಬಟ್ಟೆ ಒಗ್ಯಕ್ ಓಗಿದ್ಲು.’

‘ಹೂಂ.’

‘ಮನೇಗ್ ಬಂದ್ರೆ ಚಪ್ರ ಆಕವ್ರೆ. ಯಾರ್ ಮದ್ವೆ ಅಂತ ಕೇಳುದ್ಲು. ನಿಂದೇ ಅಂದ್ರು. ಅವ್ಳನ್ನ ಯಾರೂ ಕೇಳಿರ್ನಿಲ್ಲ.’

ನನ್ನ ಬಾಯಿಂದ ಏನೂ ಹೊರಡಲಿಲ್ಲ. ಆ ಹುಡುಗಿ ಯಾರೆಂದು ತಿಳಿದಿತ್ತು. ಅಜ್ಜಿ ಕೆರೆಯ ಕಡೆ ನೋಡುತ್ತ ಕತೆ ನಿಲ್ಲಿಸಿದಳು. ಆಮೇಲೆ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದಳು.

‘ಊಂ ಅನ್ನವ್ವ. ಇಲ್ದಿದ್ರೆ ಅವ್ಳು ಅಲ್ಲೇ ಉಳ್ಕತಾಳೆ.’

‘ಹೂಂ’ ಅಂದೆ. ಅಜ್ಜಿ ಮುಂದುವರಿಸಿದಳು.